ಹೊಲಿಗೆ ಘಟಕ ಸುಧಾರಿಸುವುದು ಹೇಗೆ? ಸೆಕೆಯಿಂದ ಶುರುಮಾಡಿ

ಗಾರ್ಮೆಂಟ್ಸ್ ಘಟಕವನ್ನು ಚೆಂದಗೊಳಿಸಲು ಹೊರಟ ಮಾಲೀಕರ ಕಣ್ಣು ಮೊದಲು ಹೋಗುವುದು ಗೋಡೆಯ ಬಣ್ಣದ ಕಡೆಗೆ. ಬಣ್ಣ ಕಾಯಲಿ. ಟೈಲರ್ ಕುಳಿತಿರುವ ಜಾಗ ಹೇಗಿದೆ ಎಂಬುದನ್ನು ಮೊದಲು ನೋಡಿ.

ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಲೈನಿನ, ಅಂದರೆ ಹೊಲಿಗೆ ಯಂತ್ರಗಳ ಸಾಲಿನ ನಡುವೆ, ಕುಳಿತವರ ತಲೆಯ ಎತ್ತರಕ್ಕೆ ಒಂದು ಥರ್ಮಾಮೀಟರ್ ತೂಗುಹಾಕಿ. ಇಸ್ತ್ರಿ ಮೇಜು ಲೈನಿಗೆ ಅಂಟಿಕೊಂಡಿದ್ದರೆ ಕಿಟಕಿಯ ಬದಿಗೆ ಸರಿಸಿ, ಅಲ್ಲೇ ಎಕ್ಸಾಸ್ಟ್ ಫ್ಯಾನ್ ಹಾಕಿಸಿ.

ಬಳಿಕ ದೀಪ. ಸೂಜಿಯ ಮೇಲೆ ಇಳಿಬಿಟ್ಟ ಹಳೆಯ ಟ್ಯೂಬ್‌ಲೈಟುಗಳೂ ಶಾಖ ಸೂಸುತ್ತವೆ. ಬೆಂಗಳೂರು ಸುತ್ತಲಿನ ಗಾರ್ಮೆಂಟ್ಸ್ ಕಾರ್ಖಾನೆಗಳ ದಿನದಿನದ ಉತ್ಪಾದನೆಯ ಲೆಕ್ಕವನ್ನು ಅರ್ಥಶಾಸ್ತ್ರಜ್ಞ ಅಚ್ಯುತ ಅಧ್ವರ್ಯು ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಹವಾಮಾನದ ಜೊತೆ ಇಟ್ಟು ನೋಡಿದರು. ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಸೆಕೆ ಏರಿದ ದಿನ ಹೊಲಿಗೆ ಕುಗ್ಗುತ್ತಿತ್ತು. ಎಲ್‌ಇಡಿ ಅಳವಡಿಸಿದ ಮೇಲೆ ಬಿಸಿ ದಿನಗಳ ಉತ್ಪಾದನೆ ಚೇತರಿಸಿತು. ಕರೆಂಟ್ ಬಿಲ್ಲಿನಲ್ಲಿ ಉಳಿದ ಹಣಕ್ಕಿಂತ ಹೆಚ್ಚುವರಿ ಹೊಲಿಗೆಯಿಂದ ಬಂದ ಲಾಭವೇ ದೊಡ್ಡದಾಗಿತ್ತು! ದೀಪ ಬದಲಿಸುವಾಗ ಅದರ ಸ್ಥಾನವನ್ನೂ ಗಮನಿಸಿ: ಬೆನ್ನ ಹಿಂದಿನಿಂದ ಬೆಳಕು ಬಂದರೆ ಟೈಲರ್‌ನ ನೆರಳು ಬಟ್ಟೆಯ ಮೇಲೆಯೇ ಬೀಳುತ್ತದೆ.

ಆಸನಕ್ಕೆ ಬೆನ್ನಾಸರೆ ಇರಲಿ, ಎತ್ತರ ಹೊಂದಿಸುವಂತಿರಲಿ. ಪಾದ ಪೆಡಲಿನ ಮೇಲೆ ಪೂರ್ತಿ ಊರಬೇಕು, ಹೊಲಿಯಬೇಕಾದ ತುಂಡುಗಳ ಬಂಡಲ್ ಬಗ್ಗದೆಯೇ ಕೈಗೆ ಸಿಗಬೇಕು.

ನಕ್ಷೆ ಬರೆಯುವವರು ಮರೆಯುವುದು ಶೌಚಾಲಯವನ್ನು. ಈ ಉದ್ಯಮದಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಶೌಚಾಲಯ ದೂರವಿದ್ದರೆ, ಗಲೀಜಾಗಿದ್ದರೆ, ಎದ್ದು ಹೋಗಲು ಸೂಪರ್‌ವೈಸರ್ ಮುಖ ನೋಡಬೇಕಾಗಿದ್ದರೆ ಅವರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಆ ಸೆಕೆಯಲ್ಲಿ ನೀರಿಲ್ಲದೆ ತಲೆನೋವು, ಉರಿಮೂತ್ರ, ಮರುದಿನ ರಜೆ. ಟಾರ್ಗೆಟ್ ತಪ್ಪಿತೆಂದು ಗದರುವ ಮುನ್ನ ಈ ಸರಪಳಿಯನ್ನು ನೆನೆಯಬೇಕು. ಕುಡಿಯುವ ನೀರನ್ನು ಲೈನಿನ ಹತ್ತಿರವೇ ಇಡಿ, ಆದರೆ ಶೌಚಾಲಯದ ಪಕ್ಕದಲ್ಲಿ ಬೇಡ. 1948ರ ಕಾರ್ಖಾನೆ ಕಾಯ್ದೆಯೇ ಇವೆರಡರ ನಡುವೆ 6 ಮೀಟರ್ ಅಂತರ ಹೇಳಿತ್ತು.

ಎಲ್ಲವನ್ನೂ ಒಮ್ಮೆಗೇ ಬದಲಿಸಬೇಡಿ. ಒಂದು ಲೈನನ್ನು ಆರಿಸಿ, ಏನು ತೊಂದರೆ ಎಂದು ಅಲ್ಲಿ ಕುಳಿತವರನ್ನೇ ಕೇಳಿ, ಸರಿಪಡಿಸಿ. ಅದೇ ಬಗೆಯ ಉಡುಪು ಹೊಲಿಯುವ ಇನ್ನೊಂದು ಲೈನನ್ನು ಇದ್ದಂತೆಯೇ ಬಿಡಿ. ಎರಡರಲ್ಲೂ ದಿನಕ್ಕೆ ಎಷ್ಟು ಪೀಸ್ ಬಂತು, ಎಷ್ಟು ಆಲ್ಟರೇಷನ್‌ಗೆ ಮರಳಿತು, ಎಷ್ಟು ಮಂದಿ ಗೈರು ಎಂದು ಬರೆದಿಡಿ. ಈ ಹೋಲಿಕೆಯನ್ನು ಬೇಸಿಗೆಯಲ್ಲೇ ಮಾಡಬೇಕು. ಡಿಸೆಂಬರಿನ ಚಳಿಯಲ್ಲಿ ದೀಪದ ಶಾಖ ಯಾರಿಗೂ ಹೊರೆಯಾಗುವುದಿಲ್ಲ.