ಓದುಗರ ಇಮೇಲ್ ಪಟ್ಟಿ: ಲೇಖಕರು ಕಟ್ಟುವುದು ಹೇಗೆ, ಬಳಸುವುದು ಹೇಗೆ

ಕನ್ನಡದಲ್ಲಿ ಪುಸ್ತಕ ಬರೆದವರಿಗೆ ಅದನ್ನು ಕೊಂಡವರು ಯಾರೆಂಬುದೇ ಬಹಳ ಸಲ ಗೊತ್ತಾಗುವುದಿಲ್ಲ. ಅಂಗಡಿಗೆ ಹೋದ ಪ್ರತಿ ಖರ್ಚಾಗುತ್ತದೆ, ಗ್ರಂಥಾಲಯಕ್ಕೆ ಹೋದ ಪ್ರತಿ ಕಪಾಟು ಸೇರುತ್ತದೆ. ಎರಡನೇ ಪುಸ್ತಕ ಬಂದಾಗ, ಮೊದಲನೆಯದನ್ನು ಮೆಚ್ಚಿದವರಿಗೆ ಸುದ್ದಿ ಮುಟ್ಟಿಸಲು ದಾರಿಯೇ ಇರುವುದಿಲ್ಲ. ಫೇಸ್‌ಬುಕ್‌ನಲ್ಲಿ ಹಾಕಿದ್ದು ಎಷ್ಟು ಜನರ ಕಣ್ಣಿಗೆ ಬೀಳಬೇಕೆಂದು ನಿರ್ಧರಿಸುವುದು ಆ ಕಂಪನಿ. ವಾಟ್ಸ್‌ಆ್ಯಪ್ ಗುಂಪಿಗೆ 1,024 ಜನರ ಮಿತಿ. ಅದರ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನ, ಅದೂ ನಿಮ್ಮ ನಂಬರನ್ನು ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ಇಮೇಲ್ ಪಟ್ಟಿಯಾದರೆ ಲೇಖಕರ ಕೈಯಲ್ಲೇ ಇರುತ್ತದೆ. ಪತ್ರ ಕಳಿಸಿಕೊಡುವ ಒಂದು ಆನ್‌ಲೈನ್ ಸೇವೆ ಬೇಡವೆನಿಸಿದರೆ ಹೆಸರು, ವಿಳಾಸಗಳನ್ನು ಕಡತವಾಗಿ ಇಳಿಸಿಕೊಂಡು ಇನ್ನೊಂದಕ್ಕೆ ಹೋಗಬಹುದು.

ಚಂದಾದಾರರ ಬಲವೇನೆಂದು ಮೈಸೂರಿನವರಿಗೆ ಹೊಸದಾಗಿ ಹೇಳಬೇಕಿಲ್ಲ. 1970ರಲ್ಲಿ ಇಲ್ಲಿ ಶುರುವಾದ ಸಂಸ್ಕೃತ ದೈನಿಕ ‘ಸುಧರ್ಮಾ’ ದೂರದೂರುಗಳ ಓದುಗರನ್ನು ಅಂಚೆಯ ಮೂಲಕವೇ ತಲುಪುತ್ತ ಬಂತು. ಇಮೇಲ್ ಪಟ್ಟಿಯೂ ಅಂಥದ್ದೇ ಚಂದಾದಾರರ ಪುಸ್ತಕ. ಓದುಗರು ತಾವಾಗಿ ಹೆಸರು ಬರೆಸಬೇಕು, ನೀವು ಹೇಳಿದ ಹೊತ್ತಿಗೆ ಪತ್ರ ಕಳಿಸಬೇಕು.

ಮೊದಲು ಒಪ್ಪಿಗೆ

ಫೋನಿನಲ್ಲಿರುವ ಪರಿಚಿತರ ವಿಳಾಸಗಳು, ಯಾವುದೋ ಸಂಘದ ಸದಸ್ಯರ ಪಟ್ಟಿ, ಗೋಷ್ಠಿಯ ಹಾಜರಿ ಪುಸ್ತಕ, ಇವನ್ನೆಲ್ಲ ಸೇರಿಸಿ ಒಂದೇ ದಿನದಲ್ಲಿ 800 ಹೆಸರು ಮಾಡಿಕೊಳ್ಳುವ ಆಸೆ ಬರುತ್ತದೆ. ಬೇಡ. ಕೇಳದೆ ಬಂದ ಪತ್ರವನ್ನು ಜನ ‘ಸ್ಪ್ಯಾಮ್’ ಎಂದು ಗುರುತು ಮಾಡುತ್ತಾರೆ. ಈ ದೂರಿನ ಪ್ರಮಾಣ ಶೇ 0.1ಕ್ಕಿಂತ ಕೆಳಗಿರಲಿ, ಶೇ 0.3 ಮುಟ್ಟದಿರಲಿ ಎಂಬುದು ಜಿಮೇಲ್‌ನ ಸೂಚನೆ. ಲೆಕ್ಕ ಹಾಕಿ ನೋಡಿ: 300 ಜನರ ಪಟ್ಟಿಯಲ್ಲಿ ಒಬ್ಬರು ಆ ಗುಂಡಿ ಒತ್ತಿದರೂ ಗೆರೆ ದಾಟಿದಂತೆಯೇ. ದೂರು ಹೆಚ್ಚಿದರೆ, ಮನಸ್ಸಿಟ್ಟು ಸೇರಿದವರಿಗೆ ಹೋಗುವ ಪತ್ರವೂ ಸ್ಪ್ಯಾಮ್ ಪೆಟ್ಟಿಗೆಗೆ ಬೀಳತೊಡಗುತ್ತದೆ.

ಕಾನೂನೂ ಇದನ್ನೇ ಹೇಳುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಮುಕ್ತವಾಗಿ, ನಿರ್ದಿಷ್ಟ ಉದ್ದೇಶಕ್ಕೆ, ವಿಷಯ ತಿಳಿಸಿ ಪಡೆದದ್ದಾಗಿರಬೇಕು. ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂದಕ್ಕೆ ಪಡೆಯಲೂ ಆಗಬೇಕು. ಮಕ್ಕಳಿಗಾಗಿ ಬರೆಯುವವರು ಒಂದು ಮಾತು ನೆನಪಿಡಿ: ಹದಿನೆಂಟು ತುಂಬದವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು. ಆದ್ದರಿಂದ ಶಾಲೆಗೆ ಹೋದಾಗ ಮಕ್ಕಳ ವಿಳಾಸ ಕೇಳಬೇಡಿ, ಮನೆಯವರಿಗೆ ಕೊಡಲು ಚೀಟಿ ಕೊಟ್ಟು ಬನ್ನಿ.

ಫಾರಂನಲ್ಲಿ ಮೂರೇ ಖಾನೆ

ಹೆಸರು, ಇಮೇಲ್, ಜಿಲ್ಲೆ. ಇಷ್ಟು ಸಾಕು. ಮೊಬೈಲ್ ನಂಬರ್, ವಯಸ್ಸು, ಉದ್ಯೋಗ ಎಂದು ಕೇಳುತ್ತ ಹೋದರೆ ತುಂಬುವವರು ಅರ್ಧಕ್ಕೇ ಬಿಡುತ್ತಾರೆ. ಜಿಲ್ಲೆ ಮಾತ್ರ ಕೇಳಲೇಬೇಕು, ಅದರ ಉಪಯೋಗ ಮುಂದೆ ಬರುತ್ತದೆ. ಆ ಖಾನೆಯಲ್ಲಿ ಓದುಗರೇ ಬರೆಯುವಂತೆ ಬಿಟ್ಟರೆ ಒಬ್ಬರು ‘ಮೈಸೂರು’, ಇನ್ನೊಬ್ಬರು ಇಂಗ್ಲಿಷಿನಲ್ಲಿ ‘ಮೈಸೂರ್’, ಮತ್ತೊಬ್ಬರು ‘ಕುವೆಂಪುನಗರ’ ಎಂದು ಬರೆಯುತ್ತಾರೆ. ಆಮೇಲೆ ಬೇರ್ಪಡಿಸಲು ಆಗುವುದಿಲ್ಲ. ಆರಿಸಿಕೊಳ್ಳುವ ಪಟ್ಟಿ ಕೊಡಿ: ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನ, ಕೊಡಗು, ಬೆಂಗಳೂರು, ಕರ್ನಾಟಕದ ಇತರೆಡೆ, ಹೊರರಾಜ್ಯ, ವಿದೇಶ.

ಖಾನೆಗಳ ಕೆಳಗೆ ಒಂದು ಸಾಲು ಇರಲಿ: ‘ತಿಂಗಳಿಗೊಂದು ಪತ್ರ, ಹೊಸ ಪುಸ್ತಕ ಬಂದಾಗ ಇನ್ನೈದಾರು. ಬೇಡವೆನಿಸಿದಾಗ ಒಂದೇ ಒತ್ತಿಗೆ ಹೊರಹೋಗಬಹುದು. ವಿಳಾಸವನ್ನು ಯಾರಿಗೂ ಕೊಡುವುದಿಲ್ಲ.’

ಸೇರಿದವರಿಗೆ ‘ಹೌದು, ನಾನೇ’ ಎಂದು ಒತ್ತುವ ದೃಢೀಕರಣ ಪತ್ರ ತಾನಾಗಿ ಹೋಗುವಂತೆ ಮಾಡಿ. ಬಹುತೇಕ ಎಲ್ಲ ಸೇವೆಗಳಲ್ಲೂ ಈ ಆಯ್ಕೆ ಇದೆ. ಇದರಿಂದ ಸಂಖ್ಯೆ ಸ್ವಲ್ಪ ಇಳಿಯುತ್ತದೆ, ನಿಜ. ಆದರೆ ತಪ್ಪು ವಿಳಾಸಗಳೂ ಬೇರೆಯವರು ತುಂಬಿದ ವಿಳಾಸಗಳೂ ಬಾಗಿಲಲ್ಲೇ ನಿಲ್ಲುತ್ತವೆ.

ಕಳಿಸುವ ವಿಳಾಸ ಸ್ವಂತದ್ದಿರಲಿ

ಜಿಮೇಲ್‌ನಿಂದಲೇ ಎಲ್ಲರನ್ನೂ ಬಿಸಿಸಿಗೆ (ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಖಾನೆಗೆ) ಹಾಕಿ ಕಳಿಸುವುದು ಮೂವತ್ತು ನಲವತ್ತು ಜನರಿದ್ದಾಗ ನಡೆಯುತ್ತದೆ. ಉಚಿತ ಖಾತೆಯಲ್ಲಿ ದಿನಕ್ಕೆ 500 ಜನರಿಗಷ್ಟೇ ಕಳಿಸಬಹುದು, ಹೊರಹೋಗುವ ಗುಂಡಿ ಇರುವುದಿಲ್ಲ. ಕೈತಪ್ಪಿ ಸಿಸಿಗೆ ಹಾಕಿದರಂತೂ ಎಲ್ಲರ ವಿಳಾಸ ಎಲ್ಲರಿಗೂ ಬಯಲು. ಸುದ್ದಿಪತ್ರ ಕಳಿಸುವ ಸೇವೆಯೊಂದಕ್ಕೆ ಸೇರಿಕೊಳ್ಳಿ. ಸಬ್‌ಸ್ಟ್ಯಾಕ್, ಮೇಲ್‌ಚಿಂಪ್, ಮೇಲರ್‌ಲೈಟ್ ಮುಂತಾದವು ಇವೆ. ಉಚಿತ ಮಿತಿಗಳನ್ನು ಈ ಕಂಪನಿಗಳು ಆಗಾಗ ಬದಲಿಸುವುದರಿಂದ ಸೇರುವ ದಿನವೇ ದರಪಟ್ಟಿ ನೋಡಿ. ಸಬ್‌ಸ್ಟ್ಯಾಕ್‌ನಲ್ಲಿ ಉಚಿತ ಪತ್ರಕ್ಕೆ ಶುಲ್ಕವಿಲ್ಲ. ಹಣ ಕೊಟ್ಟು ಓದುವ ಚಂದಾ ಇಟ್ಟರೆ ಶೇ 10 ಅವರ ಪಾಲು.

ಸಬ್‌ಸ್ಟ್ಯಾಕ್‌ನಂಥವು ತಮ್ಮದೇ ವಿಳಾಸದಿಂದ ಪತ್ರ ಕಳಿಸುತ್ತವೆ. ಉಳಿದವುಗಳಲ್ಲಿ ಕಳಿಸುವವರ ಜಾಗದಲ್ಲಿ ಜಿಮೇಲ್ ವಿಳಾಸ ಹಾಕಬೇಡಿ. ಬೇರೆ ಕಂಪನಿಯ ಸರ್ವರ್‌ನಿಂದ ಜಿಮೇಲ್ ಹೆಸರಿನಲ್ಲಿ ಬಂದ ಪತ್ರವನ್ನು ಜಿಮೇಲ್ ಸಂಶಯದಿಂದ ನೋಡುತ್ತದೆ. ನಿಮ್ಮ ಹೆಸರಿನ ಡೊಮೇನ್, ಅಂದರೆ ಸ್ವಂತ ಇಂಟರ್‌ನೆಟ್ ಹೆಸರು, ಕೊಳ್ಳಿ. ‘ಡಾಟ್ ಇನ್’ ಹೆಸರಿಗೆ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು. ಆಮೇಲೆ ಡೊಮೇನಿನ ಡಿಎನ್‌ಎಸ್ (ಆ ಹೆಸರಿನ ದಾಖಲೆಗಳಿರುವ) ಪುಟದಲ್ಲಿ ಮೂರು ದಾಖಲೆ ಸೇರಿಸಬೇಕು: ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್. ನಿಮ್ಮ ಪರವಾಗಿ ಯಾವ ಸರ್ವರ್ ಪತ್ರ ಹಾಕಬಹುದೆಂದು ಮೊದಲನೆಯದು ಹೇಳುತ್ತದೆ. ಎರಡನೆಯದು ಪತ್ರಕ್ಕೆ ಹಾಕುವ ಮುದ್ರೆ. ಈ ಪರೀಕ್ಷೆಯಲ್ಲಿ ಸೋತ ಪತ್ರವನ್ನು ಏನು ಮಾಡಬೇಕೆಂದು ಹೇಳುವುದು ಮೂರನೆಯದು. ಏನು ಬರೆಯಬೇಕೆಂಬುದನ್ನು ಸೇವೆಯೇ ತೋರಿಸುತ್ತದೆ, ನೀವು ನಕಲು ಮಾಡಿ ಅಂಟಿಸಿದರೆ ಆಯಿತು.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೊಂದಿದೆ. ಡೊಮೇನಿನಲ್ಲಿ ಆಗಲೇ ಒಂದು ಎಸ್‌ಪಿಎಫ್ ಇದ್ದಾಗ ಇನ್ನೊಂದನ್ನು ಸೇರಿಸಿದರೆ ಎರಡೂ ಕೆಲಸ ಮಾಡುವುದಿಲ್ಲ. ಒಂದು ಡೊಮೇನಿಗೆ ಒಂದೇ ಎಸ್‌ಪಿಎಫ್ ಸಾಲು. ಹೊಸ ಸೇವೆಯ ಹೆಸರನ್ನು ಹಳೆಯ ಸಾಲಿನೊಳಗೇ ಸೇರಿಸಿ. ಎಲ್ಲ ಮುಗಿದ ಮೇಲೆ ನಿಮ್ಮ ಜಿಮೇಲ್‌ಗೇ ಒಂದು ಪತ್ರ ಕಳಿಸಿ, ಮೂರು ಚುಕ್ಕೆ ಒತ್ತಿ ‘ಶೋ ಒರಿಜಿನಲ್’ ತೆರೆಯಿರಿ. ಮೂರರ ಮುಂದೆಯೂ ‘ಪಾಸ್’ ಎಂದಿದ್ದರೆ ಮುಂದಕ್ಕೆ ಹೋಗಬಹುದು.

ಪತ್ರದ ಅಡಿಯಲ್ಲಿ ಅಂಚೆ ವಿಳಾಸ ಹಾಕಲು ಅನೇಕ ಸೇವೆಗಳು ಕೇಳುತ್ತವೆ, ಅಮೆರಿಕದ ಕಾನೂನು ಹಾಗಿದೆ. ಮನೆ ವಿಳಾಸ ಹಾಕಿದರೆ ಅದು ಪಟ್ಟಿಯಲ್ಲಿರುವ ಎಲ್ಲರ ಕೈ ಸೇರುತ್ತದೆ. ಪ್ರಕಾಶಕರ ಒಪ್ಪಿಗೆ ಪಡೆದು ಅವರ ವಿಳಾಸ ಹಾಕಿ, ಇಲ್ಲವೇ ಅಂಚೆ ಕಚೇರಿಯಲ್ಲಿ ಪೋಸ್ಟ್ ಬಾಕ್ಸ್ ಬಾಡಿಗೆಗೆ ಪಡೆಯಿರಿ.

ವಿಳಾಸ ಸಿಗುವ ಜಾಗಗಳು

ಎಲ್ಲಕ್ಕಿಂತ ಒಳ್ಳೆಯ ಜಾಗ ಪುಸ್ತಕದ ಕೊನೆಯ ಪುಟ. ಕಥೆ ಮುಗಿಸಿದ ಓದುಗರು ಆ ಗಳಿಗೆಯಲ್ಲಿ ನಿಮ್ಮವರೇ. ಅಲ್ಲಿ ಎರಡು ಸಾಲಿನ ಆಹ್ವಾನ, ಜೊತೆಗೆ ಕ್ಯೂಆರ್ ಕೋಡ್ ಇರಲಿ. ಕೋಡು ಎರಡು ಸೆಂಟಿಮೀಟರಿಗಿಂತ ಚಿಕ್ಕದಾಗಬಾರದು, ಸುತ್ತ ಬಿಳಿ ಅಂಚು ಬಿಡಬೇಕು. ಪುಟ ವಿನ್ಯಾಸ ಮಾಡುವವರು ಅಂದಕ್ಕೆಂದು ಆ ಅಂಚನ್ನು ಕತ್ತರಿಸಿಬಿಟ್ಟರೆ ಫೋನು ಓದುವುದಿಲ್ಲ. ಅದಕ್ಕಿಂತ ಮುಖ್ಯ, ಸುದ್ದಿಪತ್ರ ಸೇವೆಯ ಲಿಂಕನ್ನು ನೇರವಾಗಿ ಕೋಡ್ ಮಾಡಿಸಬೇಡಿ. ನಿಮ್ಮ ಡೊಮೇನಿನ ಒಂದು ಪುಟಕ್ಕೆ ಕೋಡ್ ಮಾಡಿಸಿ, ಅಲ್ಲಿಂದ ಫಾರಂಗೆ ಕಳಿಸಿ. ನಾಳೆ ಸೇವೆ ಬದಲಿಸಿದರೂ ಅಚ್ಚಾದ ಸಾವಿರ ಪ್ರತಿಯ ಕೋಡು ಕೆಲಸ ಮಾಡುತ್ತಲೇ ಇರುತ್ತದೆ.

ಎರಡನೆಯದು ಸಭೆ ಸಮಾರಂಭ. ಮಾನಸಗಂಗೋತ್ರಿಯ ವಿಚಾರ ಸಂಕಿರಣ, ಕಲಾಮಂದಿರದ ಕಾರ್ಯಕ್ರಮ, ದಸರಾ ಕವಿಗೋಷ್ಠಿ, ಮಂಡ್ಯದ ಕರ್ನಾಟಕ ಸಂಘದ ಸಭೆ, ಎಲ್ಲೆಲ್ಲಿ ಮಾತನಾಡಲು ಕರೆದರೂ ಪುಸ್ತಕದ ಮೇಜಿನ ಮೇಲೆ ಕೋಡಿನ ಫಲಕ ಇಡಿ, ಪಕ್ಕದಲ್ಲಿ ಕಾಗದವನ್ನೂ ಇಡಿ. ಹಿರಿಯರು ಕಾಗದದಲ್ಲೇ ಬರೆಯುತ್ತಾರೆ. ಕೈಬರಹದಲ್ಲಿ ಸೊನ್ನೆಗೂ ‘ಓ’ಗೂ, ಒಂದಕ್ಕೂ ‘ಎಲ್’ಗೂ ವ್ಯತ್ಯಾಸ ತಿಳಿಯದು. ಹಾಗಾಗಿ ದಪ್ಪ ಚೌಕಗಳಿರುವ ಹಾಳೆ ಮಾಡಿಸಿ, ಪಕ್ಕದಲ್ಲಿ ನಿಂತವರು ಬರೆದ ಕೂಡಲೇ ಓದಿ ಹೇಳಿ ಖಚಿತಪಡಿಸಿಕೊಳ್ಳಲಿ. ಅಂದೇ ರಾತ್ರಿ ಕಂಪ್ಯೂಟರಿಗೆ ಏರಿಸಿ. ತಿಂಗಳು ಬಿಟ್ಟು ಬಂದ ಪತ್ರ ಯಾರದೆಂದು ಅವರಿಗೇ ಮರೆತಿರುತ್ತದೆ.

ಮೂರನೆಯದು ಉಡುಗೊರೆ: ಎಲ್ಲೂ ಪ್ರಕಟವಾಗದ ಒಂದು ಕಥೆ, ಕಾದಂಬರಿಯಿಂದ ಬಿಟ್ಟ ಅಧ್ಯಾಯ. ಅದು ನಿಮ್ಮ ಬರವಣಿಗೆಯೇ ಆಗಿರಬೇಕು. ಬಹುಮಾನ, ಕೂಪನ್ ಆಸೆಗೆ ಬಂದವರು ಪುಸ್ತಕ ಕೊಳ್ಳುವವರಲ್ಲ.

ಮೊದಲ ಪತ್ರ

ದೃಢೀಕರಿಸಿದ ಕೂಡಲೇ ಸ್ವಾಗತ ಪತ್ರ ತಾನಾಗಿ ಹೋಗಬೇಕು. ನೀವು ಯಾರು, ಎಷ್ಟು ದಿನಕ್ಕೊಮ್ಮೆ ಬರೆಯುತ್ತೀರಿ, ಹೇಳಿದ ಕಥೆಯ ಲಿಂಕ್ ಎಲ್ಲಿ, ಇಷ್ಟನ್ನು 150 ಪದದಲ್ಲಿ ಹೇಳಿ. ಕೊನೆಯಲ್ಲಿ ಒಂದು ನಿಜವಾದ ಪ್ರಶ್ನೆ ಕೇಳಿ: ‘ಈಚೆಗೆ ಓದಿದ್ದರಲ್ಲಿ ಮನಸ್ಸಿಗೆ ಹಿಡಿಸಿದ ಪುಸ್ತಕ ಯಾವುದು?’ ಉತ್ತರಿಸಿದ ಓದುಗರೊಂದಿಗೆ ಸಂಬಂಧ ಶುರುವಾಗುತ್ತದೆ, ಮುಂದಿನ ಪತ್ರಗಳು ಅವರ ಮುಖ್ಯ ಪೆಟ್ಟಿಗೆಗೇ ಬರುವುದಕ್ಕೂ ಆ ಉತ್ತರ ನೆರವಾಗುತ್ತದೆ. ಉತ್ತರ ಬರುವ ವಿಳಾಸವನ್ನು ನೀವು ದಿನಾ ನೋಡುತ್ತಿರಬೇಕು. ‘ನೋ ರಿಪ್ಲೈ’ ವಿಳಾಸದಿಂದ ಓದುಗರಿಗೆ ಬರೆಯುವುದು ಮರ್ಯಾದೆಯಲ್ಲ.

ಹೆಸರು ಹಿಡಿದು ಕರೆಯುವ ಸೌಲಭ್ಯವನ್ನು ಎಚ್ಚರದಿಂದ ಬಳಸಿ. ಅನೇಕರು ಹೆಸರನ್ನು ಇಂಗ್ಲಿಷಿನಲ್ಲಿ, ಇನಿಷಿಯಲ್ ಸಮೇತ ತುಂಬಿರುತ್ತಾರೆ. ಕನ್ನಡ ಸಾಲಿನ ನಡುವೆ ಅದು ಬ್ಯಾಂಕಿನ ನೋಟಿಸಿನಂತೆ ಕಾಣುತ್ತದೆ. ‘ಆತ್ಮೀಯರೇ’ ಎಂದರೆ ಎಲ್ಲರಿಗೂ ಒಪ್ಪುತ್ತದೆ.

ಕನ್ನಡ ಪತ್ರದ ತಾಂತ್ರಿಕ ತೊಡಕುಗಳು

ಹೆಚ್ಚು ಪತ್ರಗಳು ಕೆಡುವುದು ಇಲ್ಲಿಯೇ. ಮುದ್ರಣಾಲಯದಿಂದ ಬಂದ ಕಡತ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿದ್ದರೆ, ಅದನ್ನು ಹಾಗೆಯೇ ಅಂಟಿಸಿದಾಗ ಓದುಗರಿಗೆ ಕಾಣುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಮೊದಲು ಯೂನಿಕೋಡ್‌ಗೆ (ಎಲ್ಲ ಫೋನು, ಕಂಪ್ಯೂಟರುಗಳೂ ಓದಬಲ್ಲ ಅಕ್ಷರ ಸಂಕೇತಕ್ಕೆ) ಪರಿವರ್ತಿಸಿ, ಆಮೇಲೆ ಅರ್ಕಾವತ್ತು, ಒತ್ತಕ್ಷರ, ದೀರ್ಘಗಳನ್ನು ಕಣ್ಣಿಟ್ಟು ಓದಿ. ಪರಿವರ್ತಕಗಳು ಎಡವುವುದು ಇವುಗಳಲ್ಲೇ.

ಚೆಂದದ ಫಾಂಟ್ ಸೇರಿಸುವ ಆಸೆ ಬಿಡಿ. ಜಿಮೇಲ್ ಅದನ್ನು ತೋರಿಸುವುದಿಲ್ಲ, ಓದುಗರ ಫೋನಿನಲ್ಲಿರುವ ಕನ್ನಡ ಫಾಂಟೇ ಕಾಣುವುದು. ನಿಮ್ಮ ಕೈಯಲ್ಲಿರುವುದು ಗಾತ್ರ ಮತ್ತು ಸಾಲಿನ ಅಂತರ. ಅಕ್ಷರ 17ರಿಂದ 18 ಪಿಕ್ಸೆಲ್, ಸಾಲಿನ ಅಂತರ ಅಕ್ಷರದ 1.6 ಪಟ್ಟು ಇಡಿ. ಇಂಗ್ಲಿಷಿಗೆಂದು ಮಾಡಿದ ವಿನ್ಯಾಸಗಳಲ್ಲಿ ಅಂತರ ಕಡಿಮೆ ಇರುವುದರಿಂದ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸು, ಏತ್ವಗಳಿಗೆ ತಗಲುತ್ತದೆ.

ಉದ್ದದ ಮಿತಿಯೂ ಇದೆ. ಸುಮಾರು 102 ಕೆಬಿ ದಾಟಿದ ಪತ್ರವನ್ನು ಜಿಮೇಲ್ ಮಧ್ಯಕ್ಕೇ ಕತ್ತರಿಸಿ, ಉಳಿದದ್ದನ್ನು ಬೇರೆ ಲಿಂಕಿನ ಹಿಂದೆ ಇಡುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಯೂನಿಕೋಡ್ ಕನ್ನಡದಲ್ಲಿ ಒಂದೊಂದು ಸಂಕೇತಕ್ಕೆ ಮೂರು ಬೈಟ್, ಗುಣಿತ, ಒತ್ತುಗಳಿಗೆ ಪ್ರತ್ಯೇಕ ಲೆಕ್ಕ. ಸಾವಿರ ಪದ 25 ಕೆಬಿ ಹತ್ತಿರ ಬರುತ್ತದೆ, ನಾಲ್ಕು ಸಾವಿರ ಪದದ ಕಥೆ ಹಾಕಿದರೆ ಮಿತಿ ಮುಗಿಯಿತು. ಕತ್ತರಿಸಿದಾಗ ಅಡಿಯಲ್ಲಿರುವ ಹೊರಹೋಗುವ ಲಿಂಕೂ ಮರೆಯಾಗುತ್ತದೆ. ಅದು ಸಿಗದವರು ಸ್ಪ್ಯಾಮ್ ಗುಂಡಿ ಒತ್ತುತ್ತಾರೆ. ಪತ್ರ ಸಾವಿರ ಪದದೊಳಗಿರಲಿ, ಪೂರ್ತಿ ಕಥೆಗೆ ಲಿಂಕ್ ಕೊಡಿ. ವರ್ಡ್‌ನಿಂದ ನೇರ ಅಂಟಿಸಿದರೆ ಕಣ್ಣಿಗೆ ಕಾಣದ ವಿನ್ಯಾಸದ ಸಂಕೇತಗಳೂ ಬಂದು ಗಾತ್ರ ಉಬ್ಬುತ್ತದೆ. ಕಂಟ್ರೋಲ್, ಶಿಫ್ಟ್, ವಿ ಒಟ್ಟಿಗೆ ಒತ್ತಿ ಬರೀ ಅಕ್ಷರ ಅಂಟಿಸಿ.

ವಿಷಯದ ಸಾಲಿನಲ್ಲಿ ಮೊದಲ ನಾಲ್ಕು ಪದಗಳಲ್ಲೇ ಹೇಳಬೇಕಾದ್ದು ಬರಲಿ, ಫೋನಿನಲ್ಲಿ ಅದಕ್ಕಿಂತ ಹೆಚ್ಚು ಕಾಣುವ ಭರವಸೆಯಿಲ್ಲ.

ಪುಸ್ತಕ ಬಿಡುಗಡೆಯ ಹೊತ್ತು

ನಾಲ್ಕು ವಾರ ಮೊದಲು ಮುಖಪುಟ ತೋರಿಸಿ, ಎರಡು ವಾರ ಮೊದಲು ಒಂದು ಭಾಗ ಓದಲು ಕೊಡಿ. ಹತ್ತು ದಿನ ಇರುವಾಗ ಆಹ್ವಾನ. ಜಿಲ್ಲೆಯ ಖಾನೆ ಉಪಯೋಗಕ್ಕೆ ಬರುವುದು ಈಗ. ಮೈಸೂರಿನಲ್ಲಿ ಭಾನುವಾರ ಬೆಳಿಗ್ಗೆ ಸಮಾರಂಭವಿದ್ದರೆ ಆಹ್ವಾನ ಮೈಸೂರು, ಮಂಡ್ಯ, ಚಾಮರಾಜನಗರದವರಿಗೆ ಹೋಗಲಿ. ಉಳಿದವರಿಗೆ ಪ್ರತಿ ತರಿಸಿಕೊಳ್ಳುವ ವಿವರ ಸಾಕು. ಬರಲಾಗದ ಕಾರ್ಯಕ್ರಮಕ್ಕೆ ಮೂರು ಸಲ ಕರೆಸಿಕೊಂಡ ಬೀದರಿನ ಓದುಗರು ಪಟ್ಟಿ ಬಿಟ್ಟರೆ ಆಶ್ಚರ್ಯವಿಲ್ಲ.

ಆಹ್ವಾನ ಪತ್ರಿಕೆಯ ಚಿತ್ರವನ್ನಷ್ಟೇ ಕಳಿಸುವ ಅಭ್ಯಾಸ ಬಿಡಬೇಕು. ಚಿತ್ರ ತೆರೆಯದಿದ್ದರೆ ಪತ್ರ ಖಾಲಿ, ದೃಷ್ಟಿ ಇಲ್ಲದವರ ಫೋನು ಅದನ್ನು ಓದಿ ಹೇಳಲಾರದು. ದಿನಾಂಕ, ವಾರ, ಗಂಟೆ, ಸ್ಥಳ, ನಕ್ಷೆಯ ಲಿಂಕ್ ಇವನ್ನು ಅಕ್ಷರದಲ್ಲೇ ಬರೆಯಿರಿ. ಹಿಂದಿನ ಸಂಜೆ ಮೂರು ಸಾಲಿನ ನೆನಪೋಲೆ. ಬಿಡುಗಡೆಯ ದಿನ ಎಲ್ಲರಿಗೂ ಒಂದೇ ಪತ್ರ: ಪುಸ್ತಕದ ಬೆಲೆ, ಅಂಚೆ ವೆಚ್ಚ, ಹಣ ಕಟ್ಟುವ ಒಂದೇ ಒಂದು ಲಿಂಕ್. ಮೂರು ವಾರದ ನಂತರ, ಓದಿದವರು ಅಭಿಪ್ರಾಯ ಬರೆಯುವಂತೆ ಕೇಳಿ.

ಪುಸ್ತಕವಿಲ್ಲದ ತಿಂಗಳಲ್ಲೂ ಬರೆಯುವುದನ್ನು ನಿಲ್ಲಿಸಬೇಡಿ. ಓದುತ್ತಿರುವ ಪುಸ್ತಕ, ಬರೆಯುತ್ತಿರುವ ಅಧ್ಯಾಯಕ್ಕೆ ಹುಡುಕಿದ ವಿವರ, ಒಂದು ಓದುಗ ಪತ್ರಕ್ಕೆ ಉತ್ತರ, ಇವೆಲ್ಲ ಪತ್ರಕ್ಕೆ ಒದಗುತ್ತವೆ. ವರ್ಷ ಸುಮ್ಮನಿದ್ದು ಮಾರುವಾಗ ಮಾತ್ರ ಬಂದರೆ ಒಳ್ಳೆಯ ಪಟ್ಟಿಯೂ ತಣ್ಣಗಾಗುತ್ತದೆ.

ಕಳೆ ತೆಗೆಯುವುದು, ನಕಲು ಇಟ್ಟುಕೊಳ್ಳುವುದು

ಎಷ್ಟು ಜನ ತೆರೆದರು ಎಂಬ ಸಂಖ್ಯೆಯನ್ನು ಪೂರ್ತಿ ನಂಬಬೇಡಿ. 2021ರಲ್ಲಿ ಆ್ಯಪಲ್ ತಂದ ಖಾಸಗಿತನದ ವ್ಯವಸ್ಥೆ, ಓದುಗರು ನೋಡದಿದ್ದರೂ ಪತ್ರದ ಚಿತ್ರಗಳನ್ನು ಮೊದಲೇ ತರಿಸಿಕೊಳ್ಳುವುದರಿಂದ ‘ತೆರೆದರು’ ಎಂದೇ ದಾಖಲಾಗುತ್ತದೆ. ಲಿಂಕ್ ಒತ್ತಿದವರು, ಉತ್ತರ ಬರೆದವರು ಎಷ್ಟು ಎಂಬುದೇ ನಂಬಬಹುದಾದ ಲೆಕ್ಕ. ಇಲ್ಲದ ವಿಳಾಸಗಳಿಂದ ಮರಳಿ ಬಂದ ಪತ್ರಗಳನ್ನು ಸೇವೆ ತಾನೇ ತೆಗೆಯುತ್ತದೆ. ಪೆಟ್ಟಿಗೆ ತುಂಬಿ ಮರಳಿದವಕ್ಕೆ ಇನ್ನೆರಡು ಅವಕಾಶ ಕೊಡಿ. ವರ್ಷದಿಂದ ಏನೂ ಒತ್ತದ, ಬರೆಯದ ಓದುಗರಿಗೆ ‘ಪತ್ರ ಮುಂದುವರಿಸೋಣವೇ?’ ಎಂದು ಕೇಳಿ, ಎರಡು ವಾರ ಕಾದು ತೆಗೆದುಬಿಡಿ. 900ರ ಪಟ್ಟಿ 600ಕ್ಕೆ ಇಳಿದರೆ ನಷ್ಟವಿಲ್ಲ. ಉಳಿದವರಿಗೆ ಪತ್ರ ಸರಿಯಾಗಿ ಮುಟ್ಟುತ್ತದೆ, ಹೆಸರಿನ ಲೆಕ್ಕದಲ್ಲಿ ಕಟ್ಟುವ ಶುಲ್ಕವೂ ಇಳಿಯುತ್ತದೆ.

ಮೂರು ತಿಂಗಳಿಗೊಮ್ಮೆ ಪಟ್ಟಿಯನ್ನು ಸಿಎಸ್‌ವಿ (ಖಾನೆಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯ) ಕಡತವಾಗಿ ಇಳಿಸಿಕೊಂಡು, ಪಾಸ್‌ವರ್ಡ್ ಇರುವ ಜಾಗದಲ್ಲಿ ಇಡಿ. ಆ ಕಡತವನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದಾಗ ಕನ್ನಡ ಹೆಸರುಗಳು ಕೆಟ್ಟುಹೋದಂತೆ ಕಾಣಬಹುದು. ಗಾಬರಿಯಾಗಿ ಹಾಗೆಯೇ ಸೇವ್ ಮಾಡಿದರೆ ಮಾತ್ರ ನಿಜಕ್ಕೂ ಕೆಡುತ್ತವೆ. ಸೇವ್ ಮಾಡದೆ ಮುಚ್ಚಿ, ಗೂಗಲ್ ಶೀಟ್ಸ್‌ನಲ್ಲಿ ತೆರೆಯಿರಿ. ಎಕ್ಸೆಲ್ಲೇ ಬೇಕಾದರೆ ‘ಡೇಟಾ’ ಪಟ್ಟಿಯಿಂದ ಕಡತವನ್ನು ಒಳತಂದು, ಅಕ್ಷರ ಸಂಕೇತದ ಜಾಗದಲ್ಲಿ ಯುಟಿಎಫ್-8 ಆರಿಸಿಕೊಳ್ಳಿ.