ಬಿಸಿಯಾದರೆ ಮಲಗುತ್ತಿದ್ದ ನನ್ನ 944 ಟರ್ಬೊ

ಎರಡು ಬೇಸಿಗೆ ದಾಟಿತು. ನನ್ನ 1987ರ ಪೋರ್ಷೆ 944 ಟರ್ಬೊ ಈಗ ಎಷ್ಟು ಬಿಸಿಯಿದ್ದರೂ ಮೊದಲ ಸಲ ಸೆಲ್ಫ್ (ಸ್ಟಾರ್ಟರ್) ಹೊಡೆದಾಗಲೇ ಏಳುತ್ತದೆ. ‘ಇಸಿಯು (ಎಂಜಿನ್ ನಡೆಸೋ ಕಂಪ್ಯೂಟರ್) ಹೋಗಿದೆ, ಬೇರೆ ದಾರಿಯಿಲ್ಲ’ ಅಂದವರೆಲ್ಲ ಸುಮ್ಮನಾಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಹೀಗಿರಲಿಲ್ಲ. ತಣ್ಣಗಿದ್ದಾಗ ಗಾಡಿ ಚಿನ್ನ. ಸ್ಟುಟ್‌ಗಾರ್ಟ್‌ನಿಂದ ಎ8 ಹೆದ್ದಾರಿಯಲ್ಲಿ ಉಲ್ಮ್ ಕಡೆ ಜೋರಾಗಿ ಓಡಿಸಿ, ಪೆಟ್ರೋಲ್ ಹಾಕಿಸಲು ನಿಲ್ಲಿಸಿದರೆ ಮುಗಿಯಿತು. ಸೆಲ್ಫ್ ತಿರುಗುತ್ತೆ, ಎಂಜಿನ್ ಹಿಡಿಯಲ್ಲ. ನಲವತ್ತು ನಿಮಿಷ ಬಿಟ್ಟರೆ ಏನೂ ಆಗಿಲ್ಲ ಅನ್ನೋ ಹಾಗೆ ಸ್ಟಾರ್ಟ್.

ಮೊದಲ ವರ್ಕ್‌ಶಾಪಿನವರು ಫ್ಯೂಯೆಲ್ ಪಂಪ್ ಅಂದರು. ಸುಮಾರು 450 ಯೂರೊ ಹೋಯಿತು. ಆಮೇಲೆ ಡಿಸ್ಟ್ರಿಬ್ಯೂಟರ್ ಕ್ಯಾಪ್, ರೋಟರ್, ವೈರುಗಳು ಅಂತ ಇನ್ನೊಂದು 300. ಈ ಗಾಡಿಗಳಲ್ಲಿ ಕೈಕೊಡೋದಕ್ಕೆ ಹೆಸರಾದದ್ದು ಡಿಎಂಇ ರಿಲೇ, ಅಂದರೆ ಇಸಿಯುಗೂ ಫ್ಯೂಯೆಲ್ ಪಂಪಿಗೂ ಕರೆಂಟ್ ಕೊಡೋ ಸ್ವಿಚ್. ಅದನ್ನು ನಾನೇ ಬಿಚ್ಚಿ ಲೆನ್ಸ್ ಹಿಡಿದು ನೋಡಿದೆ. ಎರಡು ಕಾಲಿನ ಬೆಸುಗೆ ಸುತ್ತ ಕೂದಲೆಳೆಯಂಥ ಬಿರುಕು. ಹೊಸ ಬೆಸುಗೆ ಹಾಕಿದೆ, ಗೆದ್ದೆ ಅಂದುಕೊಂಡೆ. ಮೂರು ವಾರ ಸರಿಯಿತ್ತು, ಮತ್ತೆ ಅದೇ ರಾಗ. ಎರಡನೇ ವರ್ಕ್‌ಶಾಪಿನವರು ಇಸಿಯು ಬದಲಾಯಿಸಲು 1,200 ಯೂರೊ ಎಸ್ಟಿಮೇಟ್ ಕೊಟ್ಟರು.

ಹಾಸನದಲ್ಲಿ ನನ್ನ ಸೋದರಮಾವನದು ಟಿವಿ ರಿಪೇರಿ ಅಂಗಡಿ. ಹೈಸ್ಕೂಲ್ ರಜೆಗಳನ್ನೆಲ್ಲ ಅಲ್ಲೇ ಕಳೆದವನು ನಾನು. ಫೋನಿನಲ್ಲಿ ಗೋಳು ಹೇಳಿಕೊಂಡೆ. ‘ಬಿಸಿಗೆ ಬರೋ ಫಾಲ್ಟನ್ನ ತಣ್ಣಗಿದ್ದಾಗ ಹುಡುಕಿದ್ರೆ ಸಿಗುತ್ತೇನೋ? ಹೇರ್ ಡ್ರೈಯರ್ ಹಿಡಿ, ಒಂದೊಂದೇ ಪಾರ್ಟ್ ಬಿಸಿ ಮಾಡು’ ಅಂದರು. ವರ್ಕ್‌ಶಾಪಿನವರಿಗೆ ಹೇಳಿದರೆ ನಕ್ಕರು.

ಎಲ್ಲಿಂದ ಶುರು ಮಾಡೋದು? ಕೈಕೊಟ್ಟಾಗ ಸೆಲ್ಫ್ ಹೊಡೆದರೆ ಎಂಜಿನ್ ವೇಗ ತೋರಿಸೋ ಟ್ಯಾಕೋಮೀಟರ್ ಮುಳ್ಳು ಅಲ್ಲಾಡುತ್ತಲೇ ಇರಲಿಲ್ಲ. ಸರಿಯಿದ್ದಾಗ ಚೂರು ಕುಣಿಯುತ್ತೆ. ಅಂದರೆ ಎಂಜಿನ್ ತಿರುಗುತ್ತಿದೆ ಅಂತ ಇಸಿಯುಗೆ ಹೇಳೋ, ಫ್ಲೈವೀಲ್ ಹತ್ತಿರದ ಸ್ಪೀಡ್ ಸೆನ್ಸರ್ ಸಿಗ್ನಲ್ಲೇ ಬರುತ್ತಿಲ್ಲ ಅಲ್ವಾ?

ಗಂಟೆಗೆ ಹದಿನೈದು ಯೂರೊ ಬಾಡಿಗೆಯ ಗ್ಯಾರೇಜಿನಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಹಿಂಭಾಗದಲ್ಲಿ ಆ ಸೆನ್ಸರಿನ ವೈರ್ ಪ್ಲಗ್ ಬಿಚ್ಚಿ, ರೆಸಿಸ್ಟೆನ್ಸ್ ನೋಡಲು ಮೀಟರ್ ಸಿಕ್ಕಿಸಿದೆ. ತಣ್ಣಗೆ ಸಾವಿರ ಓಮ್ ಆಸುಪಾಸು. ಡ್ರೈಯರ್ ಹಿಡಿದು ಐದಾರು ನಿಮಿಷ ಆಗಿರಬೇಕು, ಅಂಕಿ ಎಗರಾಡಿ ಲೈನೇ ಕಟ್. ಗಾಳಿ ಊದಿ ತಣ್ಣಗೆ ಮಾಡಿದರೆ ಮತ್ತೆ ಸಾವಿರ. ಮೂರು ಸಲ ಮಾಡಿದೆ, ಮೂರು ಸಲವೂ ಹಾಗೇ. ವೈರ್ ಬಗ್ಗಿಸಿದರೆ ಮೇಲಿನ ಇನ್ಸುಲೇಷನ್ ಹಪ್ಪಳದ ಹಾಗೆ ಪುಡಿಯಾಯಿತು. ಮೂವತ್ತೈದು ವರ್ಷ ಆ ಬಿಸಿಯಲ್ಲಿ ಬೆಂದರೆ ಇನ್ನೇನಾಗುತ್ತೆ!

ಆ ಸೆನ್ಸರ್, ಅದರ ಪಕ್ಕದಲ್ಲೇ ಇರೋ ಅದೇ ಥರದ ರೆಫರೆನ್ಸ್ ಸೆನ್ಸರ್, ಎರಡಕ್ಕೂ ಹೊಸ ಪ್ಲಗ್ ಸೇರಿ 160 ಯೂರೊ ಇರಬಹುದು. ಸೆನ್ಸರಿಗೂ ಫ್ಲೈವೀಲಿಗೂ ನಡುವೆ 0.8 ಮಿ.ಮೀ. ಗ್ಯಾಪ್ ಬಿಟ್ಟು ಕೂರಿಸಿದೆ. ಕಚ್ಚಿಕೊಂಡಿದ್ದ ಹಳೇ ಸೆನ್ಸರನ್ನು ಬ್ರಾಕೆಟ್ ಮುರಿಯದೆ ಹೇಗೆ ತೆಗೆದೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ, ಅದಕ್ಕೆ ಎರಡು ಶನಿವಾರ ಕೊಟ್ಟಿದ್ದೇನೆ. ಎಲ್ಲ ಮುಗಿಸಿ ಸೆಲ್ಫ್ ಹೊಡೆದರೆ ಗಾಡಿ ಏಳಲಿಲ್ಲ. ಎರಡು ಪ್ಲಗ್ಗೂ ಒಂದೇ ಥರ, ಅದಲುಬದಲು ಹಾಕಿದ್ದೆ. ಇಡೀ ಸಂಜೆ ಹೋಯಿತು. ಈಗ ಒಂದಕ್ಕೆ ಕೆಂಪು ಟೇಪ್ ಸುತ್ತಿದ್ದೇನೆ.

ಆಮೇಲೆ ಸುಮ್ನೆ ಕುತೂಹಲಕ್ಕೆ ಸೆನ್ಸರ್ ಇರೋ ಜಾಗದಲ್ಲಿ ಥರ್ಮಾಮೀಟರ್ ವೈರ್ ಇಟ್ಟೆ. ಓಡುವಾಗ 65 ಡಿಗ್ರಿ ಇದ್ದದ್ದು ಎಂಜಿನ್ ಆರಿಸಿದ ಮೇಲೆ ಹತ್ತು ನಿಮಿಷದಲ್ಲಿ 90ರ ಹತ್ತಿರ ಹೋಯಿತು. ಟರ್ಬೊ ತಣ್ಣಗಾಗಿಸೋ ಎಲೆಕ್ಟ್ರಿಕ್ ಪಂಪ್ ಗುಂಯ್ ಅಂತ ನೀರು ತಿರುಗಿಸುತ್ತಲೇ ಇತ್ತು, ಆದರೂ! ಓಡುವಾಗ ಗಾಳಿ ಬೀಸುತ್ತೆ, ನಿಂತ ಮೇಲೆ ಬಿಸಿಯೆಲ್ಲ ಅಲ್ಲೇ ಕೂರುತ್ತೆ. ಅದಕ್ಕೇ ಯಾವಾಗಲೂ ಬಂಕಿನಲ್ಲೇ ಕೈಕೊಡುತ್ತಿತ್ತು. ವೈರಿಗೆ ಬೆಳ್ಳಿ ಬಣ್ಣದ ಹೀಟ್ ಸ್ಲೀವ್ ಹಾಕಿದ ಮೇಲೆ ಒಳಗೆ ಹತ್ತು ಡಿಗ್ರಿ ಕಮ್ಮಿ ತೋರಿಸುತ್ತಿದೆ.

ಕಳೆದ ಆಗಸ್ಟಿನಲ್ಲಿ, 34 ಡಿಗ್ರಿ ಬಿಸಿಲಲ್ಲಿ, ಉಲ್ಮ್ ಹತ್ತಿರದ ಅದೇ ಬಂಕಿನಲ್ಲಿ ಬೇಕೆಂದೇ ಹದಿನೈದು ನಿಮಿಷ ನಿಲ್ಲಿಸಿದೆ. ಮಾವನಿಗೆ ವಿಡಿಯೋ ಕಾಲ್ ಹಾಕಿ ಸೆಲ್ಫ್ ಹೊಡೆದೆ. ಮುಳ್ಳು ಕುಣಿಯಿತು, ಎಂಜಿನ್ ಎದ್ದಿತು. ‘ಇನ್ನೊಂದ್ ಸಲ ಆಫ್ ಮಾಡಿ ತೋರಿಸೋ’ ಅಂದರು. ತೋರಿಸಿದೆ.