ತಾಲ್ಲೂಕಿಗೆ ವರ್ಷಕ್ಕೆ ಎಷ್ಟು ನೀರು ಇಂಗುತ್ತದೆ? ದೀರ್ಘಾವಧಿ ಲೆಕ್ಕ ಹಾಕುವ ಬಗೆ

ಕೋಲಾರದಂಥ ಗ್ರಾನೈಟ್, ನೈಸ್ ಕಲ್ಲಿನ ಸೀಮೆಯಲ್ಲಿ ಒಂದೇ ವರ್ಷದ ಅಳತೆ ಹಿಡಿದು ಅಂತರ್ಜಲ ಮರುಪೂರಣ ಹೇಳಲಾಗದು. ನಾಲ್ಕಾರು ವರ್ಷ ಕೆರೆ ಒಣಗಿರುತ್ತದೆ, ಒಂದು ವರ್ಷ ಕೋಡಿ ಬೀಳುತ್ತದೆ. ಇಂಗುವ ನೀರಿನ ದೊಡ್ಡ ಪಾಲು ಆ ಒಂದು ವರ್ಷದ್ದೇ. ಕನಿಷ್ಠ 10 ವರ್ಷ, ಸಿಕ್ಕರೆ 20 ವರ್ಷದ ಮಳೆ ಮತ್ತು ನೀರಿನ ಮಟ್ಟದ ದಾಖಲೆ ಕೂಡಿಹಾಕಿ.

ಮೊದಲು ಕ್ಷೇತ್ರ. ಶೇ 20ಕ್ಕಿಂತ ಕಡಿದಾದ ಗುಡ್ಡಗಳನ್ನು ಕಳೆಯಿರಿ. 50,000 ಹೆಕ್ಟೇರ್‌ನಲ್ಲಿ 5,000 ಗುಡ್ಡವಿದ್ದರೆ ಲೆಕ್ಕಕ್ಕೆ ಉಳಿಯುವುದು 45,000.

ನೀರಿನ ಮಟ್ಟವನ್ನು ಕೇಂದ್ರ ಅಂತರ್ಜಲ ಮಂಡಳಿ ವರ್ಷಕ್ಕೆ ನಾಲ್ಕು ಸಲ ಅಳೆಯುತ್ತದೆ: ಜನವರಿ, ಮೇ, ಆಗಸ್ಟ್, ನವೆಂಬರ್. ಮೇ ತಿಂಗಳದ್ದನ್ನು ತಳಮಟ್ಟವಾಗಿ ಹಿಡಿಯಿರಿ. ಮೇಲ್ಮಟ್ಟಕ್ಕೆ ನವೆಂಬರ್ ಒಂದನ್ನೇ ನಂಬಬೇಡಿ. ಈ ಸೀಮೆಗೆ ಹಿಂಗಾರೂ ಸುರಿಯುವುದರಿಂದ ನೀರು ಜನವರಿವರೆಗೂ ಏರುತ್ತಿರಬಹುದು. ನೀವೇ ಟೇಪ್ ಇಳಿಸಿ ಅಳೆಯುವುದಾದರೆ ಆ ಬೋರ್ ಮತ್ತು ಅಕ್ಕಪಕ್ಕದ ಬೋರ್‌ಗಳು ಹಿಂದಿನ ರಾತ್ರಿಯಿಂದ ನಿಂತಿರಬೇಕು.

ಸೂತ್ರ ಸರಳ: ಮಟ್ಟದ ಏರಿಕೆಯನ್ನು ನಿರ್ದಿಷ್ಟ ಇಳುವರಿಯಿಂದ (ಕಲ್ಲಿನ ಒಟ್ಟು ಗಾತ್ರದಲ್ಲಿ ಬಸಿದು ಹೊರಬರಬಲ್ಲ ನೀರಿನ ಪಾಲು) ಗುಣಿಸಿ, ಅದೇ ಅವಧಿಯಲ್ಲಿ ಪಂಪ್ ಮಾಡಿದ ನೀರನ್ನು ಕೂಡಿಸಿ. ಜೇಡಿ ಹೆಚ್ಚಿರುವ ಶಿಥಿಲ (ಸವೆದು ಸಡಿಲವಾದ) ಗ್ರಾನೈಟ್‌ಗೆ ಇಳುವರಿ ಶೇ 1.5, ಜೇಡಿ ಕಡಿಮೆಯಿದ್ದರೆ ಶೇ 3, ಬಿರುಕು ಕಡಿಮೆಯಿರುವ ಗಟ್ಟಿ ಬಂಡೆಗೆ ಶೇ 0.3. ಏರಿಕೆ 4 ಮೀಟರ್, ಇಳುವರಿ ಶೇ 1.5 ಆದರೆ 60 ಮಿ.ಮೀ.

ಪಂಪ್ ಮಾಡಿದ ನೀರಿನ ಪಾಲು ಇದಕ್ಕಿಂತ ಕಡಿಮೆಯೇನಲ್ಲ. ಗಂಟೆಗೆ 7,000 ಲೀಟರ್, ದಿನಕ್ಕೆ 6 ಗಂಟೆ, 120 ದಿನ ಎಂದರೆ ಒಂದು ಬೋರ್‌ಗೆ ಸುಮಾರು 5,000 ಘನ ಮೀಟರ್. ಅಂಥ 6,000 ಬೋರ್‌ಗಳನ್ನು 45,000 ಹೆಕ್ಟೇರ್‌ಗೆ ಹರಡಿದರೆ 67 ಮಿ.ಮೀ. ಪಂಪ್‌ಸೆಟ್‌ಗೆ ಮೀಟರ್ ಇರುವುದು ಅಪರೂಪ, ಹಾಗಾಗಿ ಮಂಜೂರಾದ ಸಂಪರ್ಕಗಳ ಪಟ್ಟಿ ಹಿಡಿಯದೆ ಈಗ ನೀರು ಕೊಡುತ್ತಿರುವ ಬೋರ್‌ಗಳನ್ನು ಹಳ್ಳಿ ಹಳ್ಳಿಯಲ್ಲಿ ಎಣಿಸಿ. ಬತ್ತಿದ ಬೋರ್ ಪಟ್ಟಿಯಲ್ಲಿ ಉಳಿದರೆ ಮರುಪೂರಣ ಸುಮ್ಮನೆ ಉಬ್ಬುತ್ತದೆ.

ಒಟ್ಟು 127 ಮಿ.ಮೀ. ಇದೆಲ್ಲ ಮಳೆಯದಲ್ಲ. ಕೆರೆಯಿಂದ ಇಂಗಿದ್ದನ್ನು ಕಳೆಯಿರಿ: ನೀರು ನಿಂತ ದಿನಗಳಿಗೆ, ಸರಾಸರಿ ನೀರು ಹರಡಿದ ಕ್ಷೇತ್ರಕ್ಕೆ, ದಿನಕ್ಕೆ 1.4 ಮಿ.ಮೀ. ಹೊಲದಿಂದ ಮರಳಿ ಇಳಿದದ್ದನ್ನೂ ಕಳೆಯಿರಿ: ಬೋರ್ ನೀರಾವರಿಯಲ್ಲಿ ನೀರಿನ ಮಟ್ಟ 25 ಮೀಟರ್‌ಗಿಂತ ಆಳದಲ್ಲಿದ್ದರೆ ಭತ್ತಕ್ಕೆ ಹಾಯಿಸಿದ ನೀರಿನ ಶೇ 20, ಉಳಿದ ಬೆಳೆಗೆ ಶೇ 5. ಪ್ರತಿ ವರ್ಷಕ್ಕೂ ಹೀಗೆ ಮಾಡಿ, ಮಳೆಯ ಎದುರು ಗ್ರಾಫ್‌ನಲ್ಲಿ ಗುರುತಿಸಿ, ವಾಡಿಕೆ ಮಳೆಗೆ ಎಷ್ಟು ಬರುತ್ತದೆಂದು ಗೆರೆ ಎಳೆದು ಓದಿ.

ಹೆಚ್ಚಿನವರು ಮುಗ್ಗರಿಸುವುದು ಇಳುವರಿಯಲ್ಲಿ. ಶಿಥಿಲ ಪದರ ಬತ್ತಿ ನೀರು ಬಿರುಕುಗಳಿಗೆ ಇಳಿದ ಮೇಲೂ ಶೇ 1.5 ಹಾಕುತ್ತಾರೆ. ಗಟ್ಟಿ ಬಂಡೆಯೊಳಗೆ ಮಟ್ಟ 10 ಮೀಟರ್ ಏರಿದರೆ ಇಂಗಿದ್ದು 30 ಮಿ.ಮೀ. ಮಾತ್ರ, ಹಳೆಯ ಅಂಕಿಯಲ್ಲಿ ಗುಣಿಸಿದರೆ 150 ಎಂದು ಬರುತ್ತದೆ! ಹಾಗಾಗಿ ಪ್ರತಿ ವೀಕ್ಷಣಾ ಬಾವಿಗೂ ಶಿಥಿಲ ಪದರ ಎಲ್ಲಿ ಮುಗಿಯುತ್ತದೆ ಎಂದು ಬರೆದಿಟ್ಟುಕೊಳ್ಳಿ. ಬೋರ್ ಕೊರೆದಾಗ ಕೇಸಿಂಗ್ ಎಷ್ಟು ಅಡಿ ಇಳಿಯಿತೆಂದು ಕೇಳಿದರೆ ಅಂದಾಜು ಸಿಗುತ್ತದೆ.

ಬೇರೆ ದಾರಿಯಿಂದ ತಾಳೆ ನೋಡಲು ಕ್ಲೋರೈಡ್ ವಿಧಾನ ಒಳ್ಳೆಯದು. ಮಳೆಯೊಡನೆ ಬಂದ ಕ್ಲೋರೈಡ್ ಆವಿಯಾಗದೆ ಉಳಿದು ಸಾಂದ್ರವಾಗುತ್ತದೆ. ಮಳೆ 750 ಮಿ.ಮೀ., ಮಳೆನೀರಲ್ಲಿ ಲೀಟರಿಗೆ 1.5 ಮಿ.ಗ್ರಾಂ, ಬಾವಿಯಲ್ಲಿ 25 ಇದ್ದರೆ ಮರುಪೂರಣ 750 × 1.5 ÷ 25 = 45 ಮಿ.ಮೀ. ಇದು ಹಲವು ವರ್ಷಗಳ ಸರಾಸರಿ. ಮಳೆನೀರಿನ ಕ್ಲೋರೈಡ್ ತೀರಾ ಕಡಿಮೆ. ಸಿಲ್ವರ್ ನೈಟ್ರೇಟ್ ಟೈಟ್ರೇಷನ್‌ಗೆ ಸರಿಯಾಗಿ ಸಿಗದು, ಅಯಾನ್ ಕ್ರೊಮಾಟೊಗ್ರಫಿ ಇರುವ ಲ್ಯಾಬ್‌ಗೇ ಕಳಿಸಿ. ಸಂಗ್ರಹ ಪಾತ್ರೆ ಸದಾ ತೆರೆದೇ ಇರಲಿ, ಧೂಳಿನಲ್ಲಿ ಬೀಳುವ ಉಪ್ಪೂ ಲೆಕ್ಕಕ್ಕೆ ಸೇರಬೇಕು.

ಮಾದರಿ ತೆಗೆಯುವ ಬಾವಿ ಕಾಡಂಚಿನದೋ ಮಳೆಯಾಶ್ರಿತ ಹೊಲದ್ದೋ ಆಗಿರಲಿ. ಚರಂಡಿ, ಕೊಟ್ಟಿಗೆ, ಪೊಟ್ಯಾಷ್ ಗೊಬ್ಬರ ಎಲ್ಲವೂ ಕ್ಲೋರೈಡ್ ಕೂಡಿಸಿ ಉತ್ತರವನ್ನು ಇಳಿಸುತ್ತವೆ. ಕೋಲಾರದಲ್ಲಿ 2018ರಿಂದ ಬೆಂಗಳೂರಿನ ಕೆ.ಸಿ. ವ್ಯಾಲಿಯ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಸಂಸ್ಕರಿತ ಕೊಳಚೆ ನೀರು ಕೆರೆಗಳಿಗೆ ಬರುತ್ತಿದೆ. ಆ ಕೆರೆಗಳ ಕೆಳಗಿನ ಬಾವಿಗಳಲ್ಲಿ ಕ್ಲೋರೈಡ್ ವಿಧಾನ ನಡೆಯದು, ಅಲ್ಲಿನ ಮಟ್ಟದ ಏರಿಕೆಯನ್ನು ಮಳೆಗೆ ಕಟ್ಟುವಂತೆಯೂ ಇಲ್ಲ. 2018ರ ಮುಂಚಿನದನ್ನೂ ನಂತರದ್ದನ್ನೂ ಬೇರೆ ಬೇರೆ ಲೆಕ್ಕ ಹಾಕಿ.

ಕೊನೆಗೆ ಇಡೀ ಅವಧಿಯ ಜಮೆ–ಖರ್ಚು ನೋಡಿ. ವರ್ಷಕ್ಕೆ 90 ಮಿ.ಮೀ. ಇಂಗಿ 120 ಹೊರಬಂದರೆ 20 ವರ್ಷಕ್ಕೆ ಕೊರತೆ 600. ಶಿಥಿಲ ಪದರದಲ್ಲಿ 20 ಮೀಟರ್ ನೀರಿತ್ತು ಎನ್ನಿ, ಶೇ 1.5ರಂತೆ ಅದು ತೀರಿಸುವುದು 300. ಉಳಿದ 300 ಮಿ.ಮೀ.ಗೆ ಶೇ 0.3ರ ಬಂಡೆಯಲ್ಲಿ ಮತ್ತೆ 100 ಮೀಟರ್ ಇಳಿಯಬೇಕು. ಊರಿನ ಬೋರ್‌ಗಳಲ್ಲಿ ಇಳಿದದ್ದು 40 ಮೀಟರ್ ಮಾತ್ರ ಎಂದಾದರೆ, ಮತ್ತೆ ಎಣಿಸಬೇಕಾದ್ದು ಬೋರ್‌ಗಳನ್ನು.